ತಮ್ಮ ಒಡೆದ ಅಚ್ಚು

೬ ಫೆಬ್ರವರಿ

ತಮ್ಮನಿಗೆ,

ನೀನು ಕಳಿಸಿದ ಪೊಟ್ಟಣ ಇಂದು ಬೆಳಗ್ಗೆ ಬಂತು. ಕಳಿಸುವ ಮೊದಲು ಒಂದು ಸಾಲು ಬರೆಯಲು ನಿನ್ನ ಕೈಗೇನಾಗಿತ್ತು? ಏನೋ ಒಳ್ಳೆಯದು ಕಳಿಸಿದ್ದಾನೆ ಎಂದುಕೊಂಡು ಲಾಂಡ್ರಿಯ ಇಸ್ತ್ರಿ ಮೇಜಿನ ಮೇಲೆಯೇ, ಇಬ್ಬರು ಸೊಸೆಯಂದಿರ ಮುಂದೆಯೇ ಬಿಚ್ಚಿದೆ. ಹತ್ತಿಯ ಸುತ್ತು ತೆಗೆದರೆ ಒಳಗೆ ನನ್ನ ಬಾಯಿ! ಮೇಲ್ದವಡೆ, ಕೆಳದವಡೆ ಎರಡೂ. ಹಲ್ಲಿಲ್ಲದ ಬೋಳು ವಸಡು, ಪ್ಲಾಸ್ಟರಿನ ಅಚ್ಚಿನಲ್ಲಿ. ಅಡಿಯಲ್ಲಿ ನಿನ್ನ ಪೆನ್ಸಿಲ್ ಅಕ್ಷರ: 'ಅಕ್ಕ'. ಕಿರಿಯವಳು ಬಗ್ಗಿ ನೋಡಿ, "ಅಯ್ಯೋ ಅತ್ತೆ, ಇದು ನಿಮ್ದಾ? ಕಪ್ಪೆ ಬಾಯಿ ತೆಗೆದ ಹಾಗಿದೆ" ಅಂದಳು. ಹಿರಿಯವಳು ನಗು ತಡೆಯಲಾರದೆ ಸೋಪಿನ ಡಬ್ಬ ಹುಡುಕುವ ನೆಪದಲ್ಲಿ ಒಳಗೆ ಓಡಿದಳು. ನಲವತ್ತು ವರ್ಷದಿಂದ ಈ ಲಾಂಡ್ರಿಯಲ್ಲಿ ನನ್ನೆದುರು ಯಾರೂ ಹಾಗೆ ನಕ್ಕಿರಲಿಲ್ಲ.

ನನಗೆ ಹೇಸಿಗೆ ಹೊಸದಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಸಂಸಾರ ನಡೆಸಿದವಳು. ರಕ್ತ, ಕೀವು, ವಾಂತಿ ಎಲ್ಲವನ್ನೂ ಈ ಕೈಯಲ್ಲಿ ಬೇರ್ಪಡಿಸಿದ್ದೇನೆ. ಆದರೆ ನನ್ನದೇ ಬಾಯಿ ಮೇಜಿನ ಮೇಲೆ ಕೂತು ನನ್ನನ್ನು ನೋಡುವುದಿದೆಯಲ್ಲ, ಅದನ್ನು ತಡೆಯಲಾರದೆ ಮತ್ತೆ ಹತ್ತಿ ಸುತ್ತಿಟ್ಟೆ. ಬೆಳಗಿನ ಚಹಾ ಇಳಿಯಲಿಲ್ಲ.

ಇದನ್ನೇಕೆ ಕಳಿಸಿದೆ? ಅಕ್ಕನ ಬಾಯಿ ಸಾಕಾಯಿತೆ? ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಎಡಗಡೆ ಒತ್ತುತ್ತಿದೆ ಎಂದು ಡಿಸೆಂಬರಿನಲ್ಲಿ ಬರೆದಿದ್ದೆ. ಅದಕ್ಕೆ ಇದು ಉತ್ತರವೆ, ಬೇರೆಯವರ ಹತ್ತಿರ ಮಾಡಿಸಿಕೊ ಎಂದು? ಅಪ್ಪನ ಕಾಲದಿಂದ ನಮ್ಮ ಮನೆಯವರ ಬಾಯಿಗೆ ಹೊರಗಿನವರ ಕೈ ಬಿದ್ದಿಲ್ಲ. ಫೋನು ಮಾಡಿ ಬೈಯೋಣವೆಂದರೆ ನಿನ್ನ ಕಿವಿ ಸತ್ತಿದೆ, ನಾನು ಕಿರುಚಿದರೆ ಬೀದಿಯವರಿಗೆಲ್ಲ ಕೇಳುತ್ತದೆ, ನಿನ್ನದು ಮಾತ್ರ "ಹಾ? ಹಾ?". ಆದ್ದರಿಂದ ಬರೆ. ವಿವರವಾಗಿ ಬರೆ.

ಅಕ್ಕ


೧೫ ಫೆಬ್ರವರಿ

ಅಕ್ಕನಿಗೆ ನಮಸ್ಕಾರ.

ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಅಚ್ಚು ಅಪರಿಚಿತರ ಕೈಗೆ ಹೋಗುವುದು ಬೇಡವೆಂದು ಕಳಿಸಿದೆ, ಅಷ್ಟೆ. ಅಂಗಡಿ ಮುಚ್ಚಿದ್ದೇನೆ. ಕೈ ನಡುಗುತ್ತದೆ, ಮೇಣ ಕೆತ್ತುವಾಗ ಗೆರೆ ತಪ್ಪುತ್ತದೆ. ಹೋದ ತಿಂಗಳು ಒಬ್ಬರ ಕೆಳಗಿನ ಸೆಟ್ಟನ್ನು ಮೂರು ಸಲ ಮಾಡಿದರೂ ಕೂರಲಿಲ್ಲ. ಅವರು ಏನೂ ಅನ್ನದೆ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಗೋಡೆಯ ಕಪಾಟಿನಲ್ಲಿ ಅಪ್ಪನ ಕಾಲದಿಂದ ಸೇರಿದ್ದ ಬಾಯಿಗಳೆಲ್ಲ ಖಾಲಿಯಾದವು. ಬದುಕಿರುವವರದನ್ನು ತಿರುವಿನಲ್ಲಿರುವ ಹೊಸ ದಂತ ಚಿಕಿತ್ಸಾಲಯಕ್ಕೆ ಕೊಟ್ಟೆ. ಇಲ್ಲದವರದು ಕೆಲವು ಹಾಗೇ ಉಳಿದಿದ್ದವು, ಅವನ್ನು ಒಡೆದು ಗೋಣಿಗೆ ತುಂಬಿದೆ. ನನ್ನದನ್ನೂ ಒಡೆದೆ. ಗೋಡೆಗೆ ಸುಣ್ಣ ಹೊಡೆಸಬೇಕು. ಮಾಲೀಕರು ಒಳ್ಳೆಯವರು, ಅವರಿಗೆ ಕೊಳಕು ಗೋಡೆ ಒಪ್ಪಿಸುವುದು ಸರಿಯಲ್ಲ.

ಕಳೆದ ವಾರ ಆರೋಗ್ಯ ಕೇಂದ್ರದಿಂದ ಒಬ್ಬ ಹುಡುಗಿ ಬಂದಿದ್ದಳು. ಅರವತ್ತೈದು ದಾಟಿದವರನ್ನೆಲ್ಲ ಕೇಳಿ ತುಂಬಿಸಬೇಕಾದ ಫಾರಂ ಅಂತೆ. ನನಗೆ ಕಿವಿ ಕೇಳದು ಎಂದು ತಿಳಿದ ಮೇಲೆ ಬಾಗಿಲಲ್ಲೇ ನಿಂತು ಕೂಗತೊಡಗಿದಳು. "ಅಜ್ಜಾ! ಹೋದ ಎರಡು ವಾರದಲ್ಲಿ ಮನಸ್ಸಿಗೆ ಬೇಜಾರಾಗಿತ್ತಾ? ದಿನಾ ಆಗಿತ್ತಾ, ಒಂದೊಂದ್ಸಲನಾ?" ಪಕ್ಕದ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಮೂವರು ಹೊರಗೆ ಇಣುಕಿದರು. "ಬದುಕು ಸಾಕು ಅನ್ಸಿತ್ತಾ ಅಜ್ಜಾ?" ಎಂದೂ ಕೂಗಿದಳು. ಒಬ್ಬ ನೊರೆಮುಖದವನು, "ನಂಗನ್ಸುತ್ತೆ ಕಣಮ್ಮಾ, ಕಾರಣ ಅಂತ ನನ್ ಹೆಂಡ್ತಿ ಹೆಸ್ರು ಬರ್ಕೋ" ಅಂದನಂತೆ. ಕ್ಷೌರದವನು ಆಮೇಲೆ ಕಿವಿಗೆ ಬಾಯಿಟ್ಟು ಹೇಳಿದ. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಅವಳು ಕೇಳಿದ್ದಕ್ಕೆಲ್ಲ 'ಇಲ್ಲ' ಎಂದೆ. ಸಮಾಧಾನದಿಂದ ಸೊನ್ನೆ ಬರೆದುಕೊಂಡು, ಕಷ್ಟವೆನಿಸಿದರೆ ಈ ನಂಬರಿಗೆ ಫೋನು ಮಾಡಿ ಎಂದು ಒಂದು ಚೀಟಿ ಕೊಟ್ಟು ಹೋದಳು. ನನಗೆ, ಫೋನು!

ನನ್ನ ಹೆಂಡತಿಯ ಹೊಲಿಗೆ ಯಂತ್ರವನ್ನು ಕ್ಷೌರದವನ ಹೆಂಡತಿಗೆ ಕೊಟ್ಟೆ. ನನ್ನವಳು ತೀರಿಕೊಂಡ ಎರಡು ವರ್ಷದಿಂದ ಸುಮ್ಮನೆ ಮುಸುಕು ಹಾಕಿಕೊಂಡು ಕೂತಿತ್ತು. ನಿನ್ನ ಸೆಟ್ಟು ಎಡಗಡೆ ಒತ್ತುವುದಕ್ಕೆ ಅಲ್ಲಿ ಯಾರಾದರೂ ಒಳಮೈಯನ್ನು ಸ್ವಲ್ಪ ಉಜ್ಜಿಕೊಟ್ಟರೆ ಸಾಕು. ಇನ್ನು ನಿನಗೆ ಯಾವುದರಲ್ಲೂ ತೊಂದರೆ ಕೊಡುವುದಿಲ್ಲ.

ನಿನ್ನ ತಮ್ಮ


೨೨ ಫೆಬ್ರವರಿ

ತಮ್ಮನಿಗೆ,

ಆ ಫಾರಂ ಹುಡುಗಿಗೆ ಎಲ್ಲಕ್ಕೂ 'ಇಲ್ಲ' ಎಂದೆಯಲ್ಲ, ಜನ್ಮದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಮನಸ್ಸಿಗೆ ಬೇಜಾರಂತೆ! ಬೀದಿಯಲ್ಲಿ ನಿಂತು ಕೂಗಿ ಕೇಳುವ ಮಾತೆ ಅದು? ನಮ್ಮ ಮನೆಯವರು ಹೊರಗಿನವರೆದುರು ಗೋಳು ತೋಡಿಕೊಂಡವರಲ್ಲ. ಅಪ್ಪ ಕೊನೆಯ ಮೂರು ತಿಂಗಳು ನೋವಿನಲ್ಲಿ ಬೆವರುತ್ತಿದ್ದರೂ ಡಾಕ್ಟರು ಕೇಳಿದರೆ "ಚೆನ್ನಾಗಿದೀನಿ" ಎನ್ನುತ್ತಿದ್ದರು. ಅದು ಘನತೆ.

ಇಲ್ಲಿಯೂ ಇಂಥದ್ದೇ ಶುರುವಾಗಿದೆ. ಹಿರಿಯರ ಆನಂದ ಕೂಟವಂತೆ. ಕಿರಿಯ ಸೊಸೆ ದುಂಬಾಲು ಬಿದ್ದು ಒಂದು ದಿನ ಕರೆದುಕೊಂಡು ಹೋದಳು. ನೆಲಕ್ಕೆ ಎಷ್ಟು ಫಿನಾಯಿಲ್ ಸುರಿದಿದ್ದರೇನು, ಅದರಡಿಯ ಮೂತ್ರದ ವಾಸನೆ ನನ್ನ ಮೂಗಿಗೆ ತಪ್ಪುತ್ತದೆಯೆ? ಇಪ್ಪತ್ತು ಮುದುಕರನ್ನು ಸುತ್ತ ಕೂರಿಸಿ, ಕೈಗೊಂದು ಬಲೂನು ಕೊಟ್ಟು, "ಎಲ್ರೂ ಕೈ ಮೇಲೆ! ಈಗ ಜೋರಾಗಿ ನಗಿ ನೋಡೋಣ!" ಎಂದು ಒಬ್ಬ ಚಡ್ಡಿ ಹಾಕಿದವನು ಕುಣಿಯುತ್ತಿದ್ದ. ಮೂವತ್ತು ವರ್ಷ ರೈಲು ಓಡಿಸಿದ ಮನುಷ್ಯರೊಬ್ಬರು ತೊಡೆಯ ಮೇಲೆ ಕೆಂಪು ಬಲೂನು ಇಟ್ಟುಕೊಂಡು ಜೊಲ್ಲು ಸುರಿಸುತ್ತ ಕೂತಿದ್ದರು. ಯಾರೂ ಒರೆಸಲಿಲ್ಲ. ನನ್ನ ಕರವಸ್ತ್ರದಿಂದ ಒರೆಸಿ, ಅದನ್ನು ಅಲ್ಲೇ ಬುಟ್ಟಿಗೆ ಎಸೆದು, ಎದ್ದು ಬಂದೆ. ಛೀ.

ಇನ್ನು ನಿನ್ನ ಅಂಗಡಿಯ ವಿಷಯ. ನನಗೂ ಕೈ ನಡುಗುತ್ತದೆ. ಹಾಗೆಂದು ನಾನು ಬಾಯ್ಲರ್ ಆರಿಸಿದ್ದೇನೆಯೆ? ನೀನು ಮೊದಲಿನಿಂದ ಮೈಗಳ್ಳ. ಹೊಲಿಗೆ ಯಂತ್ರ ದಾನ ಮಾಡುವ ಮೊದಲು ಒಂದು ಮಾತು ಕೇಳಬಾರದಿತ್ತೆ? ಹಿರಿಯ ಸೊಸೆಗೆ ಬೇಕಿತ್ತು. ವಾಪಸು ಕೇಳು. ಅಂಗಡಿಯನ್ನೂ ನೀನಿರುವ ಹಿಂದಿನ ಕೋಣೆಯನ್ನೂ ಮಾಲೀಕರಿಗೆ ಒಪ್ಪಿಸಿದ ಮೇಲೆ ಎಲ್ಲಿರುತ್ತೀ ಎಂಬುದನ್ನು ಬರೆದೇ ಇಲ್ಲ. ಮುಖ್ಯವಾದದ್ದನ್ನು ಬಿಟ್ಟು ಮಿಕ್ಕದ್ದೆಲ್ಲ ಬರೆಯುವುದು ನಿನ್ನ ಹಳೆಯ ಚಾಳಿ.

ಅಕ್ಕ


೮ ಮಾರ್ಚ್

ಅಕ್ಕನಿಗೆ ನಮಸ್ಕಾರ.

ನೀನು ಬರೆದದ್ದು ಸರಿ. ಮೊದಲೇ ಕೇಳಬೇಕಿತ್ತು. ಆದರೆ ಕೊಟ್ಟದ್ದನ್ನು ವಾಪಸು ಕೇಳಲು ನಾಲಗೆ ಏಳುವುದಿಲ್ಲ. ಆಕೆ ಅದರಲ್ಲಿ ಆಗಲೇ ಮಗಳಿಗೆ ಒಂದು ಲಂಗ ಹೊಲಿದಿದ್ದಾಳೆ. ಹಿರಿಯ ಸೊಸೆಗೆ ನನ್ನ ಪರವಾಗಿ ಕ್ಷಮೆ ಕೇಳು.

ಮೇ ಕೊನೆಗೆ ಖಾಲಿ ಮಾಡುತ್ತೇನೆಂದು ಮಾಲೀಕರಿಗೆ ಹೇಳಿದ್ದೇನೆ. ಆಮೇಲೆ ಎಲ್ಲಿ ಎಂದು ಕೇಳಿದ್ದೀ. ಅದಕ್ಕೆ ವ್ಯವಸ್ಥೆ ಮಾಡಿಕೊಂಡಿದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ಯಾರಿಗೂ ಯಾವ ಕೆಲಸವನ್ನೂ ಉಳಿಸುವುದಿಲ್ಲ. ಕಾಗದಪತ್ರ ಎಲ್ಲ ಒಂದೇ ಡಬ್ಬದಲ್ಲಿದೆ, ಡಬ್ಬದ ಮೇಲೆ ನಿನ್ನ ವಿಳಾಸ ಅಂಟಿಸಿದ್ದೇನೆ.

ನಿನ್ನ ಪತ್ರ ಬಂದ ದಿನ ಮಾತ್ರ ಸ್ವಲ್ಪ ಹೊತ್ತು ಯಾರೋ ಮನೆಗೆ ಬಂದ ಹಾಗಿತ್ತು. ಬೈಗುಳವನ್ನೂ ಎರಡು ಸಲ ಓದಿದೆ.

ನಿನ್ನ ತಮ್ಮ


೧೨ ಮಾರ್ಚ್

ತಮ್ಮನಿಗೆ,

ಈ ಕಾಗದವನ್ನು ಮೊಮ್ಮಗಳು ಫೋಟೋ ತೆಗೆದು ಕ್ಷೌರದವನ ಫೋನಿಗೆ ಕಳಿಸುತ್ತಾಳೆ. ಅವನು ನಿನಗೆ ತೋರಿಸುತ್ತಾನೆ. ಅವನೊಡನೆ ಈಗತಾನೆ ಮಾತಾಡಿದೆ. ಅಂಗಡಿಗೆ ಬಾಗಿಲು ಹಾಕಿ ನಿನ್ನ ಹತ್ತಿರ ಬಂದು ಕೂರುತ್ತಾನೆ. ನಾನು ಬರುವವರೆಗೆ ನಿನ್ನನ್ನು ಬಿಟ್ಟು ಏಳುವುದಿಲ್ಲ. ಅವನನ್ನು ಓಡಿಸಬೇಡ.

ವಸಡು ಹುಣ್ಣಾಗಿ ತಡೆಯಲಾರದೆ ಇಂದು ನೀನು ಕಳಿಸಿದ ಅಚ್ಚು ಹಿಡಿದುಕೊಂಡು ಇಲ್ಲಿನ ಒಬ್ಬ ಹಲ್ಲು ಕಟ್ಟುವವಳ ಹತ್ತಿರ ಹೋಗಿದ್ದೆ. ಅವಳು ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, "ಭಾಳ ಒಳ್ಳೇ ಕೈ ಅಮ್ಮ. ಯಾವಾಗ ತೀರ್ಕೊಂಡ್ರು?" ಅಂದಳು.

"ಯಾರು?" ಅಂದೆ.

"ಇದನ್ನ ಮಾಡಿದವ್ರು. ಕಸುಬು ಮಾಡ್ತಿರೋರು ಅಚ್ಚನ್ನ ಮನೆಗೆ ಕಳ್ಸಲ್ವಲ್ಲ. ಸತ್ತ ಮೇಲೆ ಅವ್ರ ಮನೆಯೋರು ಕಳ್ಸ್ತಾರೆ."

"ನನ್ನ ತಮ್ಮ ಕಣಮ್ಮ ಅವನು. ಕಲ್ಲುಗುಂಡಿನ ಹಾಗಿದಾನೆ" ಎಂದು ರೇಗಿದೆ. ರೇಗುತ್ತಿರುವಾಗಲೇ ನಿನ್ನ ಪತ್ರ ನೆನಪಾಯಿತು. ಅವಳ ಕುರ್ಚಿಯಲ್ಲೇ ಕೂತೆ.

ಮನೆಗೆ ಬಂದು ನಿನ್ನ ಎರಡು ಪತ್ರಗಳನ್ನೂ ತೆಗೆದು ನೋಡಿದೆ. ಮೊದಲನೆಯದರಲ್ಲಿ, ಗೋಣಿಗೂ ಸುಣ್ಣಕ್ಕೂ ನಡುವೆ, ಎರಡೇ ಪದ: ನನ್ನದನ್ನೂ ಒಡೆದೆ. ಅಪ್ಪನ ಅಂಗಡಿಯಲ್ಲಿ ಬೆಳೆದ ನನಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಿರಾಕಿ ಸತ್ತ ಸುದ್ದಿ ಬಂದ ದಿನ ಅಪ್ಪ ಅವರ ಅಚ್ಚನ್ನು ಹಿಂದಿನ ಅಂಗಳಕ್ಕೆ ಒಯ್ದು ಸುತ್ತಿಗೆಯಿಂದ ಒಡೆಯುತ್ತಿದ್ದರು. ಬದುಕಿರುವವರದು ಬಿರುಕು ಬಿಟ್ಟಿದ್ದರೂ ಒಡೆಯುತ್ತಿರಲಿಲ್ಲ. ಅಂಟು ಹಾಕಿ ಮತ್ತೆ ಕಪಾಟಿಗೆ ಏರಿಸುತ್ತಿದ್ದರು. ನೀನು ಕಸುಬಿನ ನಿಯಮ ಮುರಿದವನಲ್ಲ. ಈಗ ಅದನ್ನು ನಿನ್ನ ಮೇಲೆಯೇ ಪಾಲಿಸಿದ್ದೀ.

ಇಷ್ಟನ್ನೂ ನೀನು ಮೂರು ವಾರದ ಹಿಂದೆಯೇ ಬರೆದಿದ್ದೆ. ನಾನು ಓದಿದ್ದು ಹೊಲಿಗೆ ಯಂತ್ರದ ಸಾಲು ಮಾತ್ರ. ನನ್ನ ಕಣ್ಣಿಗೆ ಬೂದಿ ಬಿದ್ದಿತ್ತೆ?

ಸುತ್ತಿ ಬಳಸಿ ಕೇಳಲು ನನಗೆ ಬಾರದು. ಸಾಯುವ ಯೋಚನೆ ಮಾಡಿದ್ದೀಯಾ? ಉತ್ತರ ಬರೆಯಬೇಡ. ಇವತ್ತು ಮಧ್ಯಾಹ್ನದ ಬಸ್ಸಿಗೇ ಹೊರಡುತ್ತೇನೆ. ನನ್ನೆದುರು ನಿಂತು ಹೇಳು.

ಅಕ್ಕ


೪ ಏಪ್ರಿಲ್

ತಮ್ಮನಿಗೆ,

ಮೊನ್ನೆ ಸುಖವಾಗಿ ತಲುಪಿದೆ. ಸುಖ ಎಂದರೆ, ಪಕ್ಕದ ಸೀಟಿನವನು ದಾರಿಯುದ್ದಕ್ಕೂ ಉಗುರು ಕಚ್ಚಿ ಕಚ್ಚಿ ಕಾಲಡಿಗೆ ಉಗುಳಿದ್ದನ್ನು ಬಿಟ್ಟರೆ.

ಮೂರು ವಾರ ನಿನ್ನ ಮನೆಯಲ್ಲಿದ್ದಾಗ ಒಂದು ಮಾತು ಹೇಳಲಿಲ್ಲ, ಹೇಳಿದ್ದರೆ ವಾಂತಿಯಾಗುತ್ತಿತ್ತು. ನಿನ್ನ ಸಿಂಕಿನಲ್ಲಿ ತಟ್ಟೆಗಳ ನಡುವೆ ಬೂಷ್ಟು ಕೂದಲು ಬಿಟ್ಟಿತ್ತು. ಪಾತ್ರೆಯಲ್ಲಿ ಹಾಲಿಗೆ ಅದ್ದಿದ ಬ್ರೆಡ್ಡು ಹಸಿರಾಗಿ ಅಂಟಾಗಿತ್ತು. ಕಿಟಕಿಯಲ್ಲಿ ಲೋಟ, ಲೋಟದಲ್ಲಿ ನಿನ್ನ ಹಲ್ಲಿನ ಸೆಟ್ಟು, ನೀರು ಆರಿ ನೊಣ ಕೂತಿತ್ತು. ಊರಿಗೆಲ್ಲ ಹಲ್ಲು ಕಟ್ಟಿದವನು ಬೋಳು ಬಾಯಲ್ಲಿ ಬ್ರೆಡ್ಡು ಚೀಪುತ್ತ ಎಷ್ಟು ತಿಂಗಳು ಕಳೆದೆ? ನಿನ್ನ ಕಾಲರಿನ ಜಿಡ್ಡು ಬಿಡಲು ಎರಡು ಕುದಿ ಬೇಕಾಯಿತು. ಆಸ್ಪತ್ರೆಯ ಬಟ್ಟೆಗೂ ನಾನು ಎರಡು ಕುದಿ ಕೊಡುವುದಿಲ್ಲ.

ಇನ್ನು ಮುಖ್ಯ ಮಾತು. ಮೂರು ಸಲ ಕೇಳಿದೆ. ಬಂದ ದಿನ ಬಾಗಿಲಲ್ಲೇ. ಆಮೇಲೊಮ್ಮೆ ಊಟಕ್ಕೆ ಕೂತಾಗ. ಹೊರಡುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ನಿನ್ನ ಕಿವಿಗೆ ಬಾಯಿಟ್ಟು. "ಅಂಥ ಹೊಲಸು ಯೋಚನೆ ಏನೂ ಇಲ್ಲ ತಾನೆ?" ಮೂರು ಸಲವೂ "ಇಲ್ಲ ಅಕ್ಕ" ಎಂದೆ. ನಮ್ಮ ಮನೆಯವರು ಸುಳ್ಳು ಹೇಳುವುದಿಲ್ಲ. ಆ ವಿಷಯ ಅಲ್ಲಿಗೆ ಮುಗಿಯಿತು. ಆದರೂ ನಿನ್ನ ಹಿಂದಿನ ಕೋಣೆಯಲ್ಲಿ ಕಂಡ, ಇರಬಾರದ ವಸ್ತುಗಳನ್ನೆಲ್ಲ ಕ್ಷೌರದವನಿಗೆ ಒಪ್ಪಿಸಿ ಬಂದಿದ್ದೇನೆ. ಹೆಸರು ಬರೆದು ಈ ಕಾಗದವನ್ನು ಹೊಲಸು ಮಾಡುವುದಿಲ್ಲ. ಮಾಲೀಕರಿಗೂ ಹೇಳಿದ್ದೇನೆ, ಮೇ ಕೊನೆಗೆ ಯಾರೂ ಎಲ್ಲಿಗೂ ಹೋಗುವುದಿಲ್ಲ.

ನಿನಗೆ ತಿಳಿಯದ ಸಂಗತಿ ಒಂದಿದೆ. ಹೊರಡುವ ಹಿಂದಿನ ದಿನ ಆ ಫಾರಂ ಹುಡುಗಿಯನ್ನು ಆರೋಗ್ಯ ಕೇಂದ್ರದವರೆಗೆ ಹುಡುಕಿಕೊಂಡು ಹೋಗಿ ಉಗಿದೆ. ಮೊಡವೆ ಕೆರೆದು ಕೆರೆದು ಕೆನ್ನೆ ಕೆಂಪಾಗಿಸಿಕೊಂಡಿದ್ದಳು, ನೋಡುವುದಕ್ಕೇ ಆಗಲಿಲ್ಲ.

"ಏನಮ್ಮ, ನೀನು ಕೇಳೋ ಮಾತನ್ನ ಬೀದಿ ಬಾಗ್ಲಲ್ಲಿ ನಿಂತು ಕೂಗ್ತಾರಾ? ನಿಮ್ಮಪ್ಪನ್ನ ಹಾಗೆ ಕೇಳ್ತೀಯಾ?" ಅಂದೆ.

"ನಮ್ಮಪ್ಪನ್ನ ಕೇಳ್ಲೇ ಇಲ್ಲ ಅಮ್ಮ. ಕೇಳ್ಬೇಕಿತ್ತು" ಅಂದಳು.

ಆ ಮಾತಿಗೆ ನಾನು ಇನ್ನೂ ಜೋರು ಮಾಡಿದೆ. "ಅವನಿಗೆ ಕಿವಿ ಕೇಳಲ್ಲ, ಕಣ್ಣು ಕಾಣುತ್ತೆ. ಬರೆದು ಕೇಳು. ಬಾಗ್ಲು ಹಾಕ್ಕೊಂಡು ಕೇಳು. ಅಜ್ಜ ಅನ್ಬೇಡ, ಅವನಿಗೆ ಮಕ್ಕಳೇ ಇಲ್ಲ. ಮೇಸ್ತ್ರಿಗಳೇ ಅನ್ನು, ಇಡೀ ಬೀದಿ ಹಾಗೇ ಕರೆಯುತ್ತೆ. ಬಂದ ತಕ್ಷಣ ಮನಸ್ಸು ಗಿನಸ್ಸು ಅಂತ ಶುರು ಹಚ್ಕೋಬೇಡ. ನಮ್ಮ ಕಾಲದವ್ರಿಗೆ ಬೇಜಾರು ಅಂದ್ರೆ ಅವಮಾನ. ಊಟದ ವಿಷ್ಯ ಕೇಳು, ನಿದ್ದೆ ವಿಷ್ಯ ಕೇಳು, ಕೆಲ್ಸದ ವಿಷ್ಯ ಕೇಳು. ನಿಂತ್ಕೊಂಡು ಕೇಳ್ಬೇಡ, ಕೂತ್ಕೋ."

ಅವಳು ಫಾರಮ್ಮಿನ ಹಿಂಬದಿಗೆ ತಿರುಗಿಸಿ ಸರಸರ ಬರೆದುಕೊಂಡಳು. "ಬೈಗುಳ ಬಿಟ್ಟು ಎಲ್ಲಾ ಬರ್ಕೊಂಡೆ ಅಮ್ಮ" ಅಂದಳು. ನಗು ಬಂದುಬಿಡುತ್ತದೆಂದು ತಿರುಗಿ ನೋಡದೆ ಬಂದೆ. ಅವಳು ಮತ್ತೆ ಬಂದರೆ ಮರ್ಯಾದೆಯಿಂದ ಮಾತಾಡಿ ಕಳಿಸು. ಹೇಳುವುದಕ್ಕೆ ಈಗ ಏನೂ ಇಲ್ಲವಲ್ಲ.

ಹಲ್ಲು ಹಾಕಿಕೊ.

ಅಕ್ಕ


೧೮ ಏಪ್ರಿಲ್

ಅಕ್ಕನಿಗೆ ನಮಸ್ಕಾರ.

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು.

ನೀನು ಹೋದ ಮುಂದಿನ ವಾರ ಆ ಹುಡುಗಿ ಬಂದಳು. ಒಳಗೆ ಬಂದು ಬಾಗಿಲು ಹಾಕಿದಳು. ಗಿರಾಕಿಯ ಬಾಯಿ ನೋಡುವಾಗ ನಾನು ಕೂರುತ್ತಿದ್ದ ಗಿಡ್ಡ ಸ್ಟೂಲಿನ ಮೇಲೆ ತಾನು ಕೂತು, ಗಿರಾಕಿಯ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಳು. ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ದೊಡ್ಡ ಅಕ್ಷರದಲ್ಲಿ, "ಮೇಸ್ತ್ರಿಗಳೇ, ಹಲ್ಲು ಯಾಕೆ ಹಾಕ್ಕೊಂಡಿಲ್ಲ?" ಎಂದು ಬರೆದು ತೋರಿಸಿದಳು. ಯಾರಿಗೆ ತೋರಿಸಲಿ ಎಂದು ಬರೆದೆ. ಊಟಕ್ಕೆ ಬೇಡವೆ? ರುಚಿ ತಿಳಿಯುವುದಿಲ್ಲ. ನಿದ್ದೆ? ಎರಡು ಗಂಟೆ, ಮೂರು ಗಂಟೆ. ಹೀಗೆ ಎರಡು ಪುಟವಾಯಿತು. ಆಮೇಲೆ ಪೆನ್ನು ತಡೆಯದೆ, ಬಿಸಿ ತಾಗಿದರೆ ಹಲ್ಲು ಜುಮ್ಮೆನ್ನುತ್ತದೆಯೇ ಎಂದು ನಾನು ಕೇಳುತ್ತಿದ್ದಷ್ಟೇ ಸಲೀಸಾಗಿ ಬರೆದಳು: "ಹೆಂಡತಿ ಹೋದ ಮೇಲೆ, ಕೆಲಸ ನಿಂತ ಮೇಲೆ ಕೆಲವರಿಗೆ ಬದುಕು ಮುಗಿಸಿಬಿಡೋಣ ಅನ್ನಿಸುತ್ತೆ. ನಿಮಗೆ ಅನ್ನಿಸುತ್ತಾ?"

ಹೌದು ಎಂದು ಬರೆದೆ. ಬರೆದ ಮೇಲೆ ನನ್ನ ಅಕ್ಷರವನ್ನು ನಾನೇ ನೋಡಿದೆ. ನಡುಗಿರಲಿಲ್ಲ.

ಅವಳು ಹೌಹಾರಲಿಲ್ಲ. ಬುದ್ಧಿ ಹೇಳಲಿಲ್ಲ. ಯಾವಾಗಿನಿಂದ ಎಂದು ಕೇಳಿದಳು. ಮೇ ಕೊನೆ ಎಂದು ಗೊತ್ತುಮಾಡಿಕೊಂಡಿದ್ದನ್ನೂ ಹೇಳಿದೆ. ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಾತ್ರೆ ಕೊಟ್ಟಿದ್ದಾರೆ, ಅದು ಕ್ಷೌರದವನ ಹತ್ತಿರ ಇರುತ್ತದೆ, ದಿನದ್ದನ್ನು ದಿನ ಕೊಡುತ್ತಾನೆ. ಮಂಗಳವಾರ, ಶುಕ್ರವಾರ ನಾನು ಕೇಂದ್ರಕ್ಕೆ ಹೋಗಿ ಅವಳೆದುರು ಕೂತು ಬರೆಯಬೇಕು. ಕಿವಿಯ ಯಂತ್ರಕ್ಕೂ ಅಳತೆ ತೆಗೆದರು. ಕಿವಿಯೊಳಗೆ ಮೆತ್ತಗಿನದೇನೋ ತುಂಬಿ ಅಚ್ಚು ತೆಗೆದರು ಅಕ್ಕ. ಅಂಚು ಸರಿಯಾಗಿ ಬಂದಿಲ್ಲ, ಮತ್ತೊಮ್ಮೆ ತೆಗೆಯಿರಿ ಎಂದು ನಾನೇ ಹೇಳಬೇಕಾಯಿತು.

ನಿನಗೆ ಮೂರು ಸಲ ಸುಳ್ಳು ಹೇಳಿದೆ. 'ಹೊಲಸು ಯೋಚನೆ ಇಲ್ಲ ತಾನೆ' ಎಂದು ನೀನು ಕೇಳಿದೆ. ಇದೆ ಎಂದಿದ್ದರೆ ನಾನೇ ಹೊಲಸಾಗುತ್ತಿದ್ದೆ. ನಿನ್ನೆದುರು ಹೊಲಸಾಗಿ ನಿಲ್ಲುವ ಧೈರ್ಯ ನನಗೆ ಚಿಕ್ಕಂದಿನಿಂದಲೂ ಇಲ್ಲ. ತಪ್ಪು ನಿನ್ನದಲ್ಲ. ಆ ಯೋಚನೆ ಈಗಲೂ ಕೆಲವು ದಿನ ಬರುತ್ತದೆ. ಕೆಲವು ದಿನ ಬರುವುದಿಲ್ಲ.

ನಿನ್ನ ತಮ್ಮ


೨೫ ಏಪ್ರಿಲ್

ಪತ್ರ ಬಂತು. ಓದಿದೆ. ಈಗ ಏನೂ ಬರೆಯಲಾರೆ.

ಅಕ್ಕ


೭ ಮೇ

ಅಕ್ಕನಿಗೆ ನಮಸ್ಕಾರ.

ನಿನ್ನ ಒಂದು ಸಾಲಿನ ಕಾಗದ ಬಂದು ಹತ್ತು ದಿನವಾಗುತ್ತಾ ಬಂತು. ಇನ್ನೊಂದು ಬರಬಹುದೆಂದು ದಿನಾ ಬಾಗಿಲಲ್ಲಿ ಕೂರುತ್ತೇನೆ. ಅಂಚೆಯವನು ಈಗ ದೂರದಿಂದಲೇ ಕೈಯಾಡಿಸಿ ಹೋಗುತ್ತಾನೆ.

ನಾನು ಬರೆಯಬಾರದಿತ್ತು. ಬಾಯಿ ಮುಚ್ಚಿಕೊಂಡಿದ್ದಾಗ ಎಲ್ಲರೂ ನೆಮ್ಮದಿಯಾಗಿದ್ದರು. ಈಗ ನಿನ್ನ ಮರ್ಯಾದೆ ಕಳೆದೆ, ಕ್ಷೌರದವನ ಕೆಲಸ ಕೆಡಿಸಿದೆ. ಹತ್ತೂವರೆಗೆ ಗಿರಾಕಿಯ ಅರ್ಧ ಗಡ್ಡ ಬಿಟ್ಟು ನನ್ನ ಮಾತ್ರೆ ತರುತ್ತಾನೆ. ಅದಕ್ಕೇ ಮಂಗಳವಾರ ಆ ಹುಡುಗಿಗೆ ಈಗ ಎಲ್ಲ ಸರಿಹೋಗಿದೆ, ಇನ್ನು ಬರುವ ಅಗತ್ಯವಿಲ್ಲ ಎಂದು ಬರೆದುಕೊಟ್ಟೆ. ಅವಳು ಅದನ್ನು ಎರಡು ಸಲ ಓದಿದಳು. ಆದರೂ ಶುಕ್ರವಾರ ಬನ್ನಿ ಅಂದಳು. ಹೋಗುವುದಿಲ್ಲ.

ನೀನು ಸಿಟ್ಟು ಇಟ್ಟುಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ.

ನಿನ್ನ ತಮ್ಮ


೧೧ ಮೇ

ತಮ್ಮನಿಗೆ,

ನಿನ್ನ ಪತ್ರ ಈಗ ಬಂತು. ಮೊಮ್ಮಗಳು ಪಕ್ಕದಲ್ಲಿ ಫೋನು ಹಿಡಿದು ನಿಂತಿದ್ದಾಳೆ. ಅಕ್ಷರ ಕೆಟ್ಟರೂ ತಿದ್ದಲು ಹೊತ್ತಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊ. ಕ್ಷೌರದವನ ಜೊತೆ ಆ ಹುಡುಗಿಯ ಹತ್ತಿರ ಹೋಗು. ಮಂಗಳವಾರ ಬರೆದುಕೊಟ್ಟದ್ದು ಸುಳ್ಳು ಎಂದು ಹೇಳು. ಮಿಕ್ಕದ್ದನ್ನು ದಾರಿಯಲ್ಲಿ ಓದು.

ನಾನು ಸುಮ್ಮನಿದ್ದದ್ದು ಸಿಟ್ಟಿನಿಂದಲ್ಲ. ಹೊಟ್ಟೆಕಿಚ್ಚಿನಿಂದ. ಅಮ್ಮ ಹೋದ ಮೇಲೆ ನಿನ್ನ ಮೂಗು ಒರೆಸಿದ್ದು, ಕುಂಡಿ ತೊಳೆದದ್ದು ಈ ಕೈ. ನನಗೆ ಹೇಳದ ಮಾತನ್ನು ಯಾರೋ ಮೊಡವೆ ಮುಖದವಳಿಗೆ ಎರಡು ಪುಟದಲ್ಲಿ ಹೇಳಿದೆ. ಅದನ್ನು ಓದಿ ನನ್ನ ಮೈ ಉರಿಯಿತು. ನೀನು ಉಳಿದದ್ದಕ್ಕೆ ಸಂತೋಷಪಡುವ ಬದಲು, ನನ್ನಿಂದ ಉಳಿಯಲಿಲ್ಲವಲ್ಲ ಎಂದು ಮುಖ ಊದಿಸಿಕೊಂಡು ಕೂತೆ. ಇದಕ್ಕಿಂತ ಅಸಹ್ಯವಾದದ್ದನ್ನು ನಾನು ಯಾವ ಆಸ್ಪತ್ರೆಯ ಚೀಲದಲ್ಲೂ ಕಂಡಿಲ್ಲ.

ನಲವತ್ತು ವರ್ಷದಲ್ಲಿ ಬಟ್ಟೆಗೆ ಕೊಳೆ ಯಾಕಾಯಿತು ಎಂದು ನಾನು ಆಸ್ಪತ್ರೆಯವರನ್ನು ಒಂದು ದಿನವೂ ಬೈದಿಲ್ಲ. ಕೊಳೆಯಾದ್ದರಿಂದಲೇ ನನ್ನ ಹತ್ತಿರ ಬರುತ್ತದೆ. ಮನೆಯವರು ಮಾತ್ರ ಒಗೆದು, ಇಸ್ತ್ರಿಯಾಗಿ, ಮಡಿಕೆ ಮುರಿಯದೆ ನನ್ನೆದುರು ಬರಬೇಕು. ಹಾಗೆ ಬೆಳೆಸಿದೆ ನಿನ್ನನ್ನು. ಸೊಸೆಯಂದಿರೂ ನನ್ನೆದುರು ಅತ್ತಿದ್ದಿಲ್ಲ. ಅವರು ಅಳುವವರೇ ಅಲ್ಲ ಎಂದುಕೊಂಡಿದ್ದೆ.

ಅಪ್ಪ 'ಚೆನ್ನಾಗಿದೀನಿ' ಎನ್ನುತ್ತಿದ್ದುದನ್ನು ಘನತೆ ಎಂದು ನಿನಗೆ ಬರೆದೆ. ಅಪ್ಪನ ದಿಂಬಿನ ಗವಸು ಒಗೆದವಳು ನಾನು. ಕಚ್ಚಿ ಕಚ್ಚಿ ಹರಿದಿದ್ದರು. ಯಾರಿಗೂ ಕೇಳಬಾರದೆಂದು. ಅದನ್ನು ನಾನು ಯಾರಿಗೂ ತೋರಿಸದೆ ಒಲೆಗೆ ಹಾಕಿದೆ.

ನನ್ನ ಮರ್ಯಾದೆಯ ಚಿಂತೆ ನಿನಗೆ ಬೇಡ. ಅದು ಎಲ್ಲಾದರೂ ಬಿದ್ದಿರಲಿ. ಕ್ಷೌರದವನು ಅರ್ಧ ಗಡ್ಡ ಬಿಟ್ಟು ಬರುತ್ತಾನೆ ಎಂದರೆ ಬರಲಿ, ಅವನ ಗಿರಾಕಿಗಳು ಅರ್ಧ ಗಡ್ಡದಲ್ಲಿ ಹತ್ತು ನಿಮಿಷ ಕೂತರೆ ಲೋಕ ಮುಳುಗುವುದಿಲ್ಲ. ಅವನನ್ನೇ ಕೇಳಿದೆ. "ಮೇಸ್ತ್ರಿ ಇಲ್ದಿದ್ರೆ ನಾನು ಯಾರ ಹತ್ರ ಕೂತು ಗಿರಾಕಿಗಳನ್ನ ಬೈಯ್ಲಿ ಅಮ್ಮ? ಅವ್ರಿಗೆ ಕೇಳ್ಸಲ್ಲ ಅನ್ನೋದೇ ನಂಗೆ ಅನುಕೂಲ" ಅಂದ.

ನನಗೆ ಹೇಳಲು ಆಗದಿದ್ದರೆ ಹೇಳಬೇಡ. ನನಗೆ ಬರೆಯುವಾಗ ಬೇಕಾದರೆ ಚೆನ್ನಾಗಿದ್ದೇನೆ ಎಂದೇ ಬರೆ. ನಂಬಿದ ಹಾಗೆ ಇರುತ್ತೇನೆ, ನಂಬುವುದಿಲ್ಲ. ಅವಳಿಗೆ ಮಾತ್ರ ಸುಳ್ಳು ಹೇಳಬೇಡ. ಎಷ್ಟು ಹೊಲಸಾದರೂ ಅಲ್ಲಿ ಸುರಿ. ಏನು ಸುರಿದೆ ಎಂದು ನಾನು ಕೇಳುವುದಿಲ್ಲ. ನಾಳೆ ಬೆಳಗಿನ ಬಸ್ಸು ಹತ್ತುತ್ತೇನೆ. ಕೇಳುವುದಕ್ಕಲ್ಲ. ನಿನ್ನ ಪಕ್ಕದಲ್ಲಿ ಕೂರುವುದಕ್ಕೆ.

ಇನ್ನೂ ಓದುತ್ತಾ ನಿಂತಿದ್ದೀಯಾ? ನಡೆ.

ಅಕ್ಕ


೧೧ ಮೇ, ಸಂಜೆ

ಅಕ್ಕನಿಗೆ,

ಇದನ್ನು ಕ್ಷೌರದವನ ಮಗಳು ಫೋಟೋ ತೆಗೆದು ಕಳಿಸುತ್ತಾಳೆ.

ಹೋಗಿದ್ದೆ. ಕೇಂದ್ರದ ಕಿಟಕಿಗಳನ್ನು ಮುಚ್ಚುತ್ತಿದ್ದರು. ಹುಡುಗಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದಳು. ನನ್ನ ಮುಖ ನೋಡಿ ವಾಪಸು ಹತ್ತಿದಳು. ದೀಪ ಹಾಕಿದಳು. ಚೀಲ ಕೆಳಗಿಟ್ಟು ನೋಟ್‌ಬುಕ್ಕು ತೆಗೆದಳು. ಒಂದೂವರೆ ಗಂಟೆ ಬರೆದೆ. ಕ್ಷೌರದವನು ಹೊರಗೆ ಬೆಂಚಿನ ಮೇಲೆ ಕಾದ. ಇವತ್ತು ಅವನ ಮನೆಯಲ್ಲೇ ಮಲಗಬೇಕೆಂದು ಅವಳು ಹೇಳಿದ್ದಾಳೆ, ಅಲ್ಲೇ ಇದ್ದೇನೆ. ನಾಳೆ ಬೆಳಗ್ಗೆ ಡಾಕ್ಟರನ್ನು ನೋಡಬೇಕು. ಅವಳೇ ಬಂದು ಕರೆದುಕೊಂಡು ಹೋಗುತ್ತಾಳೆ. ನೀನು ಬರುವಷ್ಟರಲ್ಲಿ ಮುಗಿಯದಿದ್ದರೆ ಅಲ್ಲಿಗೇ ಬಾ.

ಅವಳಿಗೆ ಏನು ಬರೆದುಕೊಟ್ಟೆ ಎಂದು ನಿನಗೆ ಬರೆಯುವುದಿಲ್ಲ.

ತಮ್ಮ